ಮಾನಿಟರಿಂಗ್ ಕಾಂಟ್ರಾಕ್ಟ್ ಇರುವಾಗ ನರ್ಸ್ ಕೆಲಸ ಹುಡುಕುವುದು ಹೇಗೆ? (ಫ್ಲೋರಿಡಾ)

ಪ್ರಶ್ನೆ: ಕಾರ್ಕಳ_ಸಿಸ್ಟರ್

ಎಲ್ಲರಿಗೂ ನಮಸ್ಕಾರ. ಹೆಸರು ಹೇಳುತ್ತಿಲ್ಲ, ಬೇಸರ ಮಾಡಿಕೊಳ್ಳಬೇಡಿ.

ನಾನು ಕಾರ್ಕಳದವಳು. ಮಂಗಳೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದಿದೆ. ಎನ್‌ಕ್ಲೆಕ್ಸ್ (ಅಮೆರಿಕದ ನರ್ಸ್ ಲೈಸೆನ್ಸ್ ಪರೀಕ್ಷೆ) ಪಾಸಾಗಿ ಗ್ರೀನ್ ಕಾರ್ಡ್ ಮೇಲೆ ಫ್ಲೋರಿಡಾಕ್ಕೆ ಬಂದೆ. ಟ್ಯಾಂಪಾ ಹತ್ತಿರದ ಒಂದು ಆಸ್ಪತ್ರೆಯಲ್ಲಿ ಮೊದಲು ಮೆಡ್-ಸರ್ಜ್ (ಸಾಮಾನ್ಯ ವಾರ್ಡ್), ಆಮೇಲೆ ಸ್ಟೆಪ್-ಡೌನ್ ವಾರ್ಡ್ (ಐಸಿಯುಗಿಂತ ಒಂದು ಮೆಟ್ಟಿಲು ಕೆಳಗಿನದು). ಅಲ್ಲಿ ಪೇಷೆಂಟ್ ಒಬ್ಬರನ್ನು ಎತ್ತುವಾಗ ಬೆನ್ನು ಹಿಡಿಯಿತು, ಡಿಸ್ಕ್ ಆಪರೇಷನ್ ಆಯಿತು. ಆಕ್ಸಿಕೊಡೋನ್ ಎಂಬ ಅಫೀಮು ಜಾತಿಯ ನೋವಿನ ಗುಳಿಗೆ ಬರೆದುಕೊಟ್ಟರು. ನೋವು ಹೋಯಿತು, ಗುಳಿಗೆ ಹೋಗಲಿಲ್ಲ. ವಾರ್ಡಿನ ಔಷಧಿಗೆ ಕೈ ಹಾಕುವ ಮಟ್ಟಕ್ಕೆ ಹೋಗುವ ಮೊದಲೇ ನಾನೇ ಐಪಿಎನ್‌ಗೆ (ಇಂಟರ್ವೆನ್ಷನ್ ಪ್ರಾಜೆಕ್ಟ್ ಫಾರ್ ನರ್ಸಸ್; ಚಟಕ್ಕೆ ಸಿಕ್ಕ ನರ್ಸ್‌ಗಳಿಗೆ ಚಿಕಿತ್ಸೆ ಕೊಡಿಸಿ, ಮೂತ್ರ, ರಕ್ತದ ಟೆಸ್ಟ್ ಮಾಡಿಸುತ್ತಾ ಕಾಂಟ್ರಾಕ್ಟ್ ಮೇಲೆ ಗಮನಿಸುವ ಫ್ಲೋರಿಡಾದ ಕಾರ್ಯಕ್ರಮ) ಫೋನ್ ಮಾಡಿ ಸೇರಿಕೊಂಡೆ. ಚಿಕಿತ್ಸೆ ಮುಗಿದಿದೆ. ಈಗ ಡಾಕ್ಟರ್ ಹೇಳಿದಂತೆ ಬ್ಯುಪ್ರೆನಾರ್ಫಿನ್ (ಚಟ ಮರಳದಂತೆ ತಡೆಯುವ ಔಷಧಿ) ತೆಗೆದುಕೊಳ್ಳುತ್ತಿದ್ದೇನೆ, ಆರೋಗ್ಯ ಚೆನ್ನಾಗಿದೆ.

ಕೆಲಸಕ್ಕೆ ಮರಳಬಹುದು ಎಂದು ಪತ್ರ ಬಂದಿದೆ, ಆದರೆ ಷರತ್ತುಗಳಿವೆ. ಪೇಷೆಂಟ್‌ಗಳ ನಾರ್ಕೋಟಿಕ್ (ಚಟ ಹತ್ತಿಸುವ) ಔಷಧಿ ಮುಟ್ಟುವಂತಿಲ್ಲ. ನೈಟ್ ಶಿಫ್ಟ್ ಇಲ್ಲ, ಓವರ್‌ಟೈಮ್ ಇಲ್ಲ. ಏಜೆನ್ಸಿ ಕೆಲಸ, ಹೋಮ್ ಹೆಲ್ತ್ ಇಲ್ಲ. ಜೊತೆಗೆ ಇನ್ನೊಬ್ಬ ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಇರಲೇಬೇಕು. ಹಳೆಯ ಆಸ್ಪತ್ರೆಯಲ್ಲಿ ನನ್ನ ಜಾಗಕ್ಕೆ ಬೇರೆಯವರು ಬಂದಾಗಿದೆ.

ಎಷ್ಟೋ ಕಡೆ ಅರ್ಜಿ ಹಾಕಿದೆ. ಫೋನಿನಲ್ಲಿ ಮಾತು ಚೆನ್ನಾಗಿಯೇ ಶುರುವಾಗುತ್ತದೆ. ಐಪಿಎನ್ ಎಂದ ಕೂಡಲೇ 'ಆಮೇಲೆ ತಿಳಿಸುತ್ತೇವೆ' ಎನ್ನುತ್ತಾರೆ. ಒಬ್ಬ ರಿಕ್ರೂಟರ್ ಅಂತೂ ಬ್ಯುಪ್ರೆನಾರ್ಫಿನ್ ಬಿಟ್ಟ ಮೇಲೆ ಬನ್ನಿ ಎಂದರು. ಮನೆಯಿಂದಲೇ ಮಾಡುವ ಇನ್ಶೂರೆನ್ಸ್ ಕೆಲಸ ಹುಡುಕಲೇ? ವಿಷಯವನ್ನು ಯಾವಾಗ ಹೇಳಬೇಕು, ಯಾರಿಗೆ ಹೇಳಬೇಕು? ಊರಲ್ಲಿ ಅಮ್ಮ ನಾನಿನ್ನೂ ರಜೆಯಲ್ಲಿದ್ದೇನೆ ಎಂದುಕೊಂಡಿದ್ದಾರೆ. ಈ ದಾರಿಯಲ್ಲಿ ನಡೆದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

---

ತೀರ್ಥಹಳ್ಳಿ_ಅಕ್ಕ

ತಂಗಿ, ನೀನು ಎಂದೇ ಕರೆಯುತ್ತೇನೆ, ಪರವಾಗಿಲ್ಲ ಅಲ್ವಾ?

ನಾನೂ ಫ್ಲೋರಿಡಾದಲ್ಲೇ ಇದ್ದೇನೆ. ಐಪಿಎನ್‌ನ 5 ವರ್ಷದ ಕಾಂಟ್ರಾಕ್ಟ್ ಪೂರ್ತಿ ಮುಗಿಸಿದವಳು. ಈಗ ಒಂದು ನರ್ಸಿಂಗ್ ಹೋಮಿನಲ್ಲಿ (ಇಲ್ಲಿ ಹಾಗೆಂದರೆ ವೃದ್ಧರ ಆರೈಕೆ ಕೇಂದ್ರ) ಡೈರೆಕ್ಟರ್ ಆಫ್ ನರ್ಸಿಂಗ್. ನಿನ್ನಂಥವರ ರಿಪೋರ್ಟಿಗೆ ಸಹಿ ಹಾಕುವ ಕುರ್ಚಿಯಲ್ಲೂ ಕೂತಿದ್ದೇನೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಆ ರಿಕ್ರೂಟರ್ ಮಾತು. ಮನಸ್ಸಿನಿಂದ ತೆಗೆದುಹಾಕು. ಔಷಧಿ ಬಿಡುವುದು ಬಿಡದಿರುವುದು ನೀನು ಮತ್ತು ನಿನ್ನ ಡಾಕ್ಟರ್ ಸೇರಿ ತೀರ್ಮಾನಿಸುವ ವಿಷಯ. ಬ್ಯುಪ್ರೆನಾರ್ಫಿನ್ ಅನ್ನು ಅವಸರದಲ್ಲಿ ನಿಲ್ಲಿಸಿದವರಿಗೆ ಮತ್ತೆ ಚಟ ಹತ್ತುವ ಅಪಾಯ ಜಾಸ್ತಿ. ಆಗ ದೇಹಕ್ಕೆ ಹಳೆಯ ಡೋಸ್ ತಡೆಯುವ ಶಕ್ತಿ ಇರುವುದಿಲ್ಲ, ಜೀವಕ್ಕೇ ಕುತ್ತು. ಒಂದು ಕೆಲಸಕ್ಕಾಗಿ ಅಷ್ಟು ದೊಡ್ಡ ಬೆಲೆ ಕೊಡಬೇಡ. ಕಾನೂನೂ ನಿನ್ನ ಕಡೆಗೇ ಇದೆ. 2022ರಲ್ಲಿ ಇಂಡಿಯಾನಾ ರಾಜ್ಯದ ನರ್ಸಿಂಗ್ ಬೋರ್ಡ್ ವಿಷಯದಲ್ಲಿ ಅಮೆರಿಕದ ನ್ಯಾಯ ಇಲಾಖೆ ಇದನ್ನೇ ಹೇಳಿತು. ಡಾಕ್ಟರ್ ಬರೆದುಕೊಟ್ಟ ಇಂಥ ಔಷಧಿ ಬಿಟ್ಟರೆ ಮಾತ್ರ ನರ್ಸ್‌ಗಳ ನೆರವಿನ ಕಾರ್ಯಕ್ರಮದಲ್ಲಿ ಜಾಗ ಎನ್ನುವುದು ಎಡಿಎ (ಅಂಗವಿಕಲರ ಹಕ್ಕಿನ) ಕಾಯ್ದೆಗೆ ವಿರುದ್ಧ ಎಂದಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಇಲಾಖೆ ಮಾರ್ಗಸೂಚಿಯನ್ನೂ ಹೊರಡಿಸಿತು. ಪ್ರಿಸ್ಕ್ರಿಪ್ಷನ್ ಪ್ರಕಾರ ಈ ಔಷಧಿ ತೆಗೆದುಕೊಳ್ಳುವ ಉದ್ಯೋಗಿಯನ್ನು ಅದೊಂದೇ ಕಾರಣಕ್ಕೆ ಹೊರಗಿಡುವಂತಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿದೆ. ರಿಕ್ರೂಟರ್ ಮತ್ತೆ ಹಾಗೆ ಹೇಳಿದರೆ ಇಮೇಲಿನಲ್ಲಿ ಬರೆದು ಕಳಿಸಲು ಕೇಳು. ಐಪಿಎನ್‌ನಲ್ಲಿರುವ ನಿನ್ನ ಕೇಸ್ ಮ್ಯಾನೇಜರ್‌ಗೂ ತಿಳಿಸು.

ಇನ್ನು ಮನೆಯಿಂದ ಮಾಡುವ ಕೆಲಸ. ಎಲ್ಲರೂ ಮೊದಲು ಓಡುವುದು ಅದರ ಹಿಂದೆಯೇ. ನಾರ್ಕೋಟಿಕ್ ಇಲ್ಲ, ಯಾರ ಮುಖವನ್ನೂ ನೋಡಬೇಕಿಲ್ಲ ಎಂಬ ಲೆಕ್ಕ. ಆದರೆ ಅಲ್ಲಿ ಎರಡು ಗೋಡೆ ಇವೆ. ಫ್ಲೋರಿಡಾ 2018ರಿಂದ ನರ್ಸ್ ಲೈಸೆನ್ಸಿನ ಕಾಂಪ್ಯಾಕ್ಟ್‌ನಲ್ಲಿದೆ. ಒಂದು ಲೈಸೆನ್ಸ್ ಇದ್ದರೆ ಕಾಂಪ್ಯಾಕ್ಟ್‌ನಲ್ಲಿರುವ ಬೇರೆ ರಾಜ್ಯಗಳಲ್ಲೂ ಕೆಲಸ ಮಾಡಬಹುದು. ಆದರೆ ಮಾನಿಟರಿಂಗ್ ಕಾರ್ಯಕ್ರಮದಲ್ಲಿ ಇರುವಷ್ಟು ಕಾಲ ಮಲ್ಟಿಸ್ಟೇಟ್ ಸೌಲಭ್ಯ ಇರುವುದಿಲ್ಲ, ಲೈಸೆನ್ಸ್ ಫ್ಲೋರಿಡಾಕ್ಕೆ ಮಾತ್ರ. ಇನ್ಶೂರೆನ್ಸ್ ಕಂಪನಿಗೆ ಬರುವ ಫೋನ್ ಹತ್ತು ರಾಜ್ಯಗಳಿಂದ ಬರುತ್ತದೆ, ಅದಕ್ಕೇ ಅವರು ಜಾಹೀರಾತಿನಲ್ಲೇ ಕಾಂಪ್ಯಾಕ್ಟ್ ಲೈಸೆನ್ಸ್ ಕೇಳುತ್ತಾರೆ. ಎರಡನೆಯದು ನಿನ್ನ ಪತ್ರದಲ್ಲೇ ಇದೆ, ಜೊತೆಗೆ ಆರ್‌ಎನ್ ಇರಬೇಕು ಎಂದು. ಮನೆಯಲ್ಲಿ ಒಬ್ಬಳೇ ಕೂತು ಮಾಡುವ ಕೆಲಸಕ್ಕೆ ಮೊದಲ ವರ್ಷ ಒಪ್ಪಿಗೆ ಸಿಗುವುದು ಕಷ್ಟ. ಮುಂದೆ ಯಾವಾಗಲಾದರೂ ನೋಡು, ಈಗ ಅದರಲ್ಲಿ ಸಮಯ ಕಳೆಯಬೇಡ.

ಹಾಗಾದರೆ ಎಲ್ಲಿ ಹುಡುಕಬೇಕು? ನನ್ನ ಮಾತು ಇಷ್ಟೇ. ಹುದ್ದೆ ಹುಡುಕಬೇಡ, ಮ್ಯಾನೇಜರ್‌ನ್ನು ಹುಡುಕು. ನಿನ್ನ ರಿಪೋರ್ಟಿಗೆ ಸಹಿ ಹಾಕುವವರು ಅವರು. ಟೆಸ್ಟ್ ಬಂದ ದಿನ ನಿನ್ನನ್ನು ಒಂದು ಗಂಟೆ ಹೊರಗೆ ಬಿಡಬೇಕಾದವರೂ ಅವರೇ. ಆ ವ್ಯಕ್ತಿ ಸರಿ ಇದ್ದರೆ ಸಾಧಾರಣ ಕೆಲಸವೂ ನಡೆದುಹೋಗುತ್ತದೆ. ಅವರು ಸರಿ ಇಲ್ಲದಿದ್ದರೆ ಎಷ್ಟು ಒಳ್ಳೆಯ ಆಸ್ಪತ್ರೆಯಾದರೂ ದಿನಾ ನರಕ.

ನರ್ಸಿಂಗ್ ಹೋಮಿನಲ್ಲಿ ಎಂಡಿಎಸ್ ಕೆಲಸವನ್ನು ಗಂಭೀರವಾಗಿ ನೋಡು. ಪ್ರತಿ ರೆಸಿಡೆಂಟ್‌ನ ಸ್ಥಿತಿಯನ್ನು ಸರ್ಕಾರದ ಫಾರ್ಮಿನಲ್ಲಿ ತುಂಬುವ ಕೆಲಸ ಅದು. 2019ರ ಅಕ್ಟೋಬರ್‌ನಿಂದ ಮೆಡಿಕೇರ್ (ಹಿರಿಯರಿಗೆ ಸರ್ಕಾರದ ಆರೋಗ್ಯ ವಿಮೆ) ನಮಗೆ ಕೊಡುವ ದುಡ್ಡಿನ ಲೆಕ್ಕವನ್ನು ಬದಲಾಯಿಸಿತು. ಅಲ್ಲಿಂದ ಆ ಫಾರ್ಮಿನಲ್ಲಿ ಒಂದು ಕೋಡ್ ತಪ್ಪಿದರೂ ನಮ್ಮ ಆದಾಯಕ್ಕೆ ಪೆಟ್ಟು. ಒಳ್ಳೆಯ ಎಂಡಿಎಸ್ ನರ್ಸ್ ಸಿಗುವುದಿಲ್ಲ ಎಂದು ನನ್ನಂಥ ಡೈರೆಕ್ಟರ್‌ಗಳು ಒದ್ದಾಡುತ್ತಿರುತ್ತೇವೆ. ಮೆಡ್ ಕಾರ್ಟ್ (ಔಷಧಿ ಗಾಡಿ) ಕೀ ಬೇಕಿಲ್ಲ, ಹಗಲು ಕೆಲಸ, ಸುತ್ತ ಬೇರೆ ಆರ್‌ಎನ್‌ಗಳು ಇರುತ್ತಾರೆ. ಸ್ಟೆಪ್-ಡೌನ್‌ನಲ್ಲಿ ಮಾಡಿದವಳಿಗೆ ಚಾರ್ಟ್ ಓದುವುದು ಬರುತ್ತದೆ. ಉಳಿದದ್ದನ್ನು ಕಲಿಸಬಹುದು.

ಪ್ಲಾಸ್ಮಾ ಡೊನೇಷನ್ ಸೆಂಟರ್, ಲಸಿಕೆ ಕ್ಲಿನಿಕ್, ಡಯಾಲಿಸಿಸ್ ಕೂಡ ನೋಡಬಹುದು. ಚಟ ಬಿಡಿಸುವ ಕೇಂದ್ರಗಳಲ್ಲಿ ನಮ್ಮ ಪರಿಸ್ಥಿತಿ ಅರ್ಥವಾಗುತ್ತದೆ, ನಿಜ. ಆದರೆ ಡಿಟಾಕ್ಸ್ ವಾರ್ಡಿನಲ್ಲಿ ಬ್ಯುಪ್ರೆನಾರ್ಫಿನ್, ಲೊರಾಜೆಪಾಮ್‌ನಂಥ ನಿಯಂತ್ರಿತ ಔಷಧಿ ಕೊಡುವುದೇ ಮುಖ್ಯ ಕೆಲಸ. ನಿನ್ನ ಷರತ್ತಿಗೆ ಅದು ಹೊಂದುವುದಿಲ್ಲ.

ಯಾವಾಗ ಹೇಳಬೇಕು ಎಂದು ಕೇಳಿದ್ದೀಯ. ಅರ್ಜಿಯಲ್ಲಿ ಪ್ರಶ್ನೆಯನ್ನು ಅಕ್ಷರ ಬಿಡದೆ ಓದು. 'ಬೋರ್ಡ್ ನಿಮ್ಮ ಮೇಲೆ ಶಿಸ್ತು ಕ್ರಮ ಕೈಗೊಂಡಿದೆಯೇ' ಎಂದಿದ್ದರೆ ನಿನ್ನ ಉತ್ತರ ಇಲ್ಲ. ನೀನಾಗಿಯೇ ಸೇರಿದ್ದೀಯ, ಅದು ಶಿಕ್ಷೆ ಅಲ್ಲ. 'ಮಾನಿಟರಿಂಗ್ ಒಪ್ಪಂದದಲ್ಲಿ ಇದ್ದೀರಾ' ಎಂದಿದ್ದರೆ ಹೌದು ಎಂದೇ ಬರೆ. ಪ್ರಶ್ನೆಯೇ ಇಲ್ಲದಿದ್ದರೆ ಅಲ್ಲಿ ಬರೆಯಬೇಡ, ಎಚ್ಆರ್‌ನವರ ಮೊದಲ ಫೋನಿನಲ್ಲೂ ಹೇಳಬೇಡ. ಅವರ ಕೈಯಲ್ಲಿ ನಿರ್ಧಾರ ಇಲ್ಲ, ಇರುವುದು ಒಂದು ಚೆಕ್‌ಲಿಸ್ಟ್ ಮಾತ್ರ. ನರ್ಸ್ ಮ್ಯಾನೇಜರ್ ಎದುರು ಕೂತು, ನಿನ್ನ ಕೆಲಸದ ಬಗ್ಗೆ ಅವರು ಕೇಳುವುದೆಲ್ಲ ಕೇಳಿ ಮುಗಿದ ಮೇಲೆ ನೀನೇ ಮಾತು ತೆಗೆ. ಆಫರ್ ಬಂದ ಮೇಲೆ ಹೇಳಿದರೆ ಮೋಸ ಮಾಡಿದಂತೆ ಅನಿಸುತ್ತದೆ. ಹೇಗಿದ್ದರೂ ಐಪಿಎನ್ ಆ ಜಾಗವನ್ನು ಒಪ್ಪಿದ ಮೇಲೆಯೇ ನೀನು ಕೆಲಸ ಶುರು ಮಾಡಬೇಕು.

ಹೇಳುವ ಮಾತು ಒಂದು ನಿಮಿಷ ಮೀರಬಾರದು. ಹೀಗೆ: 'ಆಪರೇಷನ್ ನಂತರ ನನಗೆ ನೋವಿನ ಔಷಧಿಯ ಚಟದ ಕಾಯಿಲೆ ಬಂತು. ನಾನೇ ಐಪಿಎನ್‌ಗೆ ಸೇರಿದೆ. ಲೈಸೆನ್ಸ್ ಮೇಲೆ ಶಿಸ್ತು ಕ್ರಮ ಇಲ್ಲ. ಮುನ್ಸೂಚನೆ ಇಲ್ಲದೆ ನನ್ನ ಟೆಸ್ಟ್ ಆಗುತ್ತಿರುತ್ತದೆ. ಇಷ್ಟು ತಿಂಗಳು ನಾರ್ಕೋಟಿಕ್ ಕೊಡುವಂತಿಲ್ಲ. ನಿಮ್ಮಿಂದ ಬೇಕಿರುವುದು ಮೂರು ತಿಂಗಳಿಗೊಮ್ಮೆ ಒಂದು ಫಾರ್ಮ್.' ಅಷ್ಟು ಹೇಳಿ ಷರತ್ತಿನ ಪತ್ರ ಮತ್ತು ಖಾಲಿ ರಿಪೋರ್ಟ್ ಫಾರ್ಮ್ ಎರಡನ್ನೂ ಮೇಜಿನ ಮೇಲೆ ಇಡು. ಫಾರ್ಮ್ ನೋಡಿದಾಗ ಮ್ಯಾನೇಜರ್ ಮುಖ ಸಡಿಲವಾಗುವುದನ್ನು ನಾನು ಎರಡೂ ಕಡೆಯಿಂದ ಕಂಡಿದ್ದೇನೆ. ಅವರು ಹೆದರುವುದು ದೊಡ್ಡ ತಲೆನೋವು ಬರುತ್ತದೆ ಎಂದು. ಇರುವುದು ಕೆಲವೇ ಹಾಳೆ.

ಅಳಬೇಡ, ಕ್ಷಮೆಯನ್ನೂ ಕೇಳಬೇಡ. ಸಕ್ಕರೆ ಕಾಯಿಲೆ ಇದೆ ಎಂದು ಹೇಳುವಾಗ ಯಾರೂ ಕ್ಷಮೆ ಕೇಳುವುದಿಲ್ಲ.

---

ದಾವಣಗೆರೆ_ಬ್ರದರ್

ಅಕ್ಕ ಹೇಳಿದ್ದು ಸರಿ. ಡಯಾಲಿಸಿಸ್ ಬಗ್ಗೆ ಮಾತ್ರ ಒಂದು ಎಚ್ಚರಿಕೆ ಸೇರಿಸುತ್ತೇನೆ. ನಾನು ಜಾಕ್ಸನ್‌ವಿಲ್‌ನಲ್ಲಿ ಡಯಾಲಿಸಿಸ್ ನರ್ಸ್. ನಮ್ಮ ಕ್ಲಿನಿಕ್ಕಿನಲ್ಲಿ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ), ಇಪಿಒ (ರಕ್ತ ಹೆಚ್ಚಿಸಲು), ಐರನ್ ಇಂಜೆಕ್ಷನ್ ಬಿಟ್ಟರೆ ಹೆಚ್ಚೇನೂ ಇಲ್ಲ. ನಾರ್ಕೋಟಿಕ್ ಬೀರುವೇ ಇಲ್ಲ. ಆ ಲೆಕ್ಕದಲ್ಲಿ ನಿಮಗೆ ಬಹಳ ಒಳ್ಳೆಯ ಜಾಗ.

ಆದರೆ ಇಂಟರ್‌ವ್ಯೂನಲ್ಲಿ ಇದನ್ನು ಕೇಳಿ: ಒಂದು ಶಿಫ್ಟಿಗೆ ಎಷ್ಟು ಆರ್‌ಎನ್? ಪೇಷೆಂಟ್‌ಗಳು ಕುರ್ಚಿಯಲ್ಲಿ ಇರುವಾಗ ಕ್ಲಿನಿಕ್ಕಿನಲ್ಲಿ ಒಬ್ಬ ಆರ್‌ಎನ್ ಇರಲೇಬೇಕು ಎಂಬುದು ಕೇಂದ್ರದ ನಿಯಮ. ಸಣ್ಣ ಕ್ಲಿನಿಕ್‌ಗಳು ಆ ಒಬ್ಬರಲ್ಲೇ ನಡೆಸುತ್ತವೆ, ಉಳಿದವರೆಲ್ಲ ಟೆಕ್ನಿಷಿಯನ್‌ಗಳು. ಟ್ರೇನಿಂಗ್ ಮುಗಿದ ಮೇಲೆ ಆ ಒಬ್ಬ ಆರ್‌ಎನ್ ನೀವೇ ಆಗುತ್ತೀರಿ. ಆಗ ನಿಮ್ಮ ಷರತ್ತು ಮುರಿಯುತ್ತದೆ. ದೊಡ್ಡ ಕ್ಲಿನಿಕ್ಕನ್ನೇ ಹುಡುಕಿ.

ಇನ್ನೊಂದು ವಿಷಯ. ನಮ್ಮದು ಬೆಳಗಿನ ಜಾವ ನಾಲ್ಕೂವರೆಗೆ ಶುರು. ಇವತ್ತು ಟೆಸ್ಟ್ ಇದೆಯೇ ಎಂದು ನೋಡುವ ನಿಮ್ಮ ಚೆಕ್-ಇನ್ ಆ್ಯಪ್ ಎಷ್ಟು ಗಂಟೆಗೆ ತೆರೆಯುತ್ತದೆ, ಲ್ಯಾಬ್ ಎಷ್ಟಕ್ಕೆ ಮುಚ್ಚುತ್ತದೆ ನೋಡಿಕೊಳ್ಳಿ. ಪೇಷೆಂಟ್ ಮೆಷಿನ್ ಮೇಲಿರುವಾಗ ಬಿಟ್ಟು ಓಡಲು ಆಗುವುದಿಲ್ಲ.

---

ಡಲ್ಲಾಸ್_ಹಾಸನ

ನನ್ನದು ಟೆಕ್ಸಾಸ್, ಸ್ವಲ್ಪ ಬೇರೆ ಕೇಸ್. ಲೈಸೆನ್ಸ್ ಸಸ್ಪೆಂಡ್ ಆಗಿತ್ತು, ಈಗ ಷರತ್ತಿನ ಮೇಲೆ ವಾಪಸ್ ಬಂದಿದೆ. ನರ್ಸಿಂಗ್ ಹೋಮ್, ಡಯಾಲಿಸಿಸ್ ಎಲ್ಲ ಕಡೆ ಮ್ಯಾನೇಜರ್ ಒಪ್ಪುತ್ತಾರೆ, ಆಮೇಲೆ ಬ್ಯಾಕ್‌ಗ್ರೌಂಡ್ ಚೆಕ್‌ನಲ್ಲಿ ನಿಂತುಹೋಗುತ್ತದೆ. ಕಾರಣ ಯಾರೂ ಹೇಳುತ್ತಿಲ್ಲ. ಅಕ್ಕ, ನಿಮಗೆ ಏನಾದರೂ ಅಂದಾಜು ಇದೆಯೇ?

---

ತೀರ್ಥಹಳ್ಳಿ_ಅಕ್ಕ

@ಡಲ್ಲಾಸ್_ಹಾಸನ, ಇವತ್ತೇ ಒಐಜಿ ವೆಬ್‌ಸೈಟಿಗೆ ಹೋಗಿ ಎಕ್ಸ್‌ಕ್ಲೂಷನ್ ಲಿಸ್ಟ್‌ನಲ್ಲಿ ನಿಮ್ಮ ಹೆಸರು ಹುಡುಕಿ. ಕೇಂದ್ರ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯ ಪಟ್ಟಿ ಅದು. ಲೈಸೆನ್ಸ್ ಸಸ್ಪೆಂಡ್ ಆದವರ, ಒಪ್ಪಿಸಿದವರ ಹೆಸರು ಅದಕ್ಕೆ ಸೇರಬಹುದು. ಅದರಲ್ಲಿ ಹೆಸರಿದ್ದರೆ ಮೆಡಿಕೇರ್, ಮೆಡಿಕೇಡ್ (ಬಡವರಿಗೆ ಸರ್ಕಾರದ ವಿಮೆ) ದುಡ್ಡು ಪಡೆಯುವ ಯಾವ ಸಂಸ್ಥೆಯೂ ನಿಮ್ಮನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ, ಇಟ್ಟುಕೊಂಡರೆ ಅವರಿಗೆ ದಂಡ. ನಾನೂ ಯಾರನ್ನೇ ಸೇರಿಸಿಕೊಳ್ಳುವ ಮೊದಲು ಆ ಪಟ್ಟಿ ನೋಡುತ್ತೇನೆ.

ಲೈಸೆನ್ಸ್ ವಾಪಸ್ ಬಂತೆಂದು ಆ ಪಟ್ಟಿಯಿಂದ ಹೆಸರು ತಾನಾಗಿ ಹೋಗುವುದಿಲ್ಲ. ಬೇರೆಯಾಗಿ ಅರ್ಜಿ ಹಾಕಿ, ಒಐಜಿಯಿಂದ ಲಿಖಿತ ಒಪ್ಪಿಗೆ ಬಂದ ಮೇಲೆಯೇ ದಾರಿ ತೆರೆಯುವುದು. ಎಷ್ಟೋ ಒಳ್ಳೆಯ ನರ್ಸ್‌ಗಳು ಇದು ಗೊತ್ತಿಲ್ಲದೆ ತಮ್ಮಲ್ಲೇ ಏನೋ ಕೊರತೆ ಎಂದು ಕೊರಗುತ್ತಾರೆ. ಅದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಲೈಸೆನ್ಸ್ ವಾಪಸ್ ಕೊಡುವ ದಿನವೇ ಒಂದು ಹಾಳೆಯಲ್ಲಿ ಬರೆದು ಕೊಡಬಾರದೇ?

ಕಾರ್ಕಳದ ತಂಗಿಗೆ ಈ ತೊಂದರೆ ಇಲ್ಲ. ಆದರೆ ಕಾರ್ಯಕ್ರಮವನ್ನು ಅರ್ಧಕ್ಕೆ ಬಿಟ್ಟರೆ ಐಪಿಎನ್ ಆರೋಗ್ಯ ಇಲಾಖೆಗೆ ತಿಳಿಸುತ್ತದೆ, ಆಮೇಲೆ ಇದೇ ಹಾದಿ ಶುರುವಾಗಬಹುದು. ಬೇಸರ ಬಂದ ದಿನ ಇದನ್ನು ನೆನಪಿಟ್ಟುಕೋ.

---

ಕಾರ್ಕಳ_ಸಿಸ್ಟರ್

ಅಕ್ಕ, ನಿಮ್ಮ ಮಾತು ಓದಿ ತುಂಬಾ ದಿನಗಳ ಮೇಲೆ ಸರಿಯಾಗಿ ನಿದ್ದೆ ಮಾಡಿದೆ. ದಾವಣಗೆರೆ ಬ್ರದರ್‌ಗೂ ಥ್ಯಾಂಕ್ಸ್. ಆ ಪ್ರಶ್ನೆ ನನಗೆ ಹೊಳೆಯುತ್ತಲೇ ಇರಲಿಲ್ಲ. ಒಂದು ನರ್ಸಿಂಗ್ ಹೋಮಿನ ಎಂಡಿಎಸ್ ಕೆಲಸಕ್ಕೆ ಗುರುವಾರ ಇಂಟರ್‌ವ್ಯೂ ಸಿಕ್ಕಿದೆ.

ಇನ್ನೆರಡು ಪ್ರಶ್ನೆ. ನಮ್ಮ ಸಂಘದ ಹಬ್ಬದ ಊಟಕ್ಕೆ ಹೋಗಲು ಭಯವಾಗುತ್ತದೆ. ಊಟದಿಂದ ಟೆಸ್ಟ್ ಕೆಡುತ್ತದೆ ಎನ್ನುತ್ತಾರೆ, ನಿಜವೇ? ಮತ್ತೆ, ಡಿಸೆಂಬರ್‌ನಲ್ಲಿ ಊರಿಗೆ ಹೋಗಬೇಕು ಎಂದಿದ್ದೇನೆ. ಅಮ್ಮನಿಗೆ ಫೋನಿನಲ್ಲಿ ಹೇಳಲು ಆಗುತ್ತಿಲ್ಲ, ಎದುರು ಕೂತು ಹೇಳಬೇಕು. ಹೊಸ ಕೆಲಸದಲ್ಲಿ ರಜೆ ಕೇಳಬಹುದೇ, ಐಪಿಎನ್ ಬಿಡುತ್ತದೆಯೇ?

---

ತೀರ್ಥಹಳ್ಳಿ_ಅಕ್ಕ

ಊಟಕ್ಕೆ ಹೋಗು ತಂಗಿ. ಮನೆಯಲ್ಲಿ ಒಬ್ಬಳೇ ಕೂರುವುದು ನಮ್ಮ ಕಾಯಿಲೆಗೆ ಒಳ್ಳೆಯದಲ್ಲ. ಗಸಗಸೆ ಪಾಯಸ ಮಾತ್ರ ಮುಟ್ಟಬೇಡ. ಗಸಗಸೆ ಕಾಳಿಗೆ ಅಂಟಿದ ಗಿಡದ ಹಾಲಿನಂಥ ರಸದಲ್ಲಿ ಮಾರ್ಫಿನ್, ಕೊಡೀನ್ ಅಂಶ ಇರುತ್ತದೆ, ಟೆಸ್ಟಿನಲ್ಲಿ ಕಾಣಿಸಿಕೊಳ್ಳುತ್ತದೆ. 2023ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ತನ್ನ ಸೈನಿಕರಿಗೇ ಗಸಗಸೆ ತಿನ್ನಬೇಡಿ ಎಂದು ಹೇಳಿತು. ಅವರಿಗೆ ಹೇಳಿದ್ದು ಬನ್ನಿನ ಮೇಲೆ ಉದುರಿಸುವ ಕಾಳಿಗೆ. ನಾವು ಹಿಡಿಗಟ್ಟಲೆ ಹುರಿದು ರುಬ್ಬುವವರು. ಸಾಗು, ಕುರ್ಮಾದಲ್ಲೂ ಸೇರಿರುತ್ತದೆ, ಅಡುಗೆ ಮಾಡಿದವರನ್ನು ಕೇಳು. ಅಲರ್ಜಿ ಇದೆ ಎಂದರೆ ಯಾರೂ ಮುಂದೆ ಕೇಳುವುದಿಲ್ಲ.

ಊರಿನಿಂದ ಯಾರಾದರೂ ದಶಮೂಲಾರಿಷ್ಟ, ಅಶೋಕಾರಿಷ್ಟ ತಂದುಕೊಟ್ಟರೆ ಬೇಡ ಎನ್ನು. ಅರಿಷ್ಟ ಹುಳಿಯುವಾಗ ತಾನಾಗಿಯೇ ಆಲ್ಕೋಹಾಲ್ ಹುಟ್ಟುತ್ತದೆ. ಹೋಮಿಯೋಪತಿ ಹನಿ ಔಷಧಿಯೂ ಹಾಗೆಯೇ. ಇಟಿಜಿ ಎಂಬ ಮೂತ್ರ ಪರೀಕ್ಷೆ ಮೂರು ದಿನದವರೆಗಿನ ಆಲ್ಕೋಹಾಲ್ ಕುರುಹನ್ನು ಹಿಡಿಯುತ್ತದೆ, ಪೆತ್ ಎಂಬ ರಕ್ತ ಪರೀಕ್ಷೆ ಎರಡು ಮೂರು ವಾರದವರೆಗಿನದನ್ನೂ ಹಿಡಿಯುತ್ತದೆ. ಮೌತ್‌ವಾಶ್ ಆಲ್ಕೋಹಾಲ್ ಇಲ್ಲದ್ದನ್ನೇ ತಾ. ವಾರ್ಡಿನಲ್ಲಿ ಸ್ಯಾನಿಟೈಸರ್ ಬದಲು ಸೋಪು ನೀರಿನಲ್ಲಿ ಕೈ ತೊಳೆ. ಟೆಸ್ಟ್ ಇದೆ ಎಂದು ಗಾಬರಿಯಾಗಿ ಲೋಟಗಟ್ಟಲೆ ನೀರು ಕುಡಿಯಬೇಡ. ಮೂತ್ರದಲ್ಲಿ ಕ್ರಿಯಾಟಿನಿನ್ ಎಂಬ ಅಂಶ 20ಕ್ಕಿಂತ ಕೆಳಗೆ ಹೋದರೆ ಮೂತ್ರ ನೀರಾಗಿದೆ ಎಂದು ಬರೆಯುತ್ತಾರೆ. ಏನನ್ನೋ ಮುಚ್ಚಿಡುತ್ತಿದ್ದೀಯ ಎಂಬ ಅನುಮಾನ ಬರುತ್ತದೆ. ಪ್ರತಿ ಟೆಸ್ಟಿನ ದುಡ್ಡೂ ನಮ್ಮದೇ ಕೈಯಿಂದ ಹೋಗುವುದು, ಅದಕ್ಕೇ ತಿಂಗಳ ಲೆಕ್ಕದಲ್ಲಿ ಮೊದಲೇ ತೆಗೆದಿಡು.

ಊರಿನ ವಿಷಯ. ಟಿಕೆಟ್ ತೆಗೆಯುವ ಮೊದಲು ಕೇಸ್ ಮ್ಯಾನೇಜರ್‌ಗೆ ಬರೆದು ಕೇಳು. ಸುಮ್ನೆ ಫೋನಿನಲ್ಲಿ ಹೇಳಿದರೆ ಸಾಲದು. ಎಲ್ಲಿ ಇರುತ್ತೀಯ, ಯಾವ ತಾರೀಖಿನಿಂದ ಯಾವ ತಾರೀಖಿಗೆ, ಅಲ್ಲಿ ಇರುವಾಗ ಚೆಕ್-ಇನ್ ಹೇಗೆ, ಬಂದ ಮೇಲೆ ಯಾವ ಟೆಸ್ಟ್, ಎಲ್ಲಕ್ಕೂ ಲಿಖಿತ ಉತ್ತರ ಪಡೆ. ಭಾರತದ ಸಮಯ ಇಲ್ಲಿಗಿಂತ ಚಳಿಗಾಲದಲ್ಲಿ ಹತ್ತೂವರೆ ಗಂಟೆ ಮುಂದೆ. ಚೆಕ್-ಇನ್ ಬೇಕೆಂದರೆ ಅಲಾರ್ಮ್ ಅದಕ್ಕೆ ತಕ್ಕಂತೆ ಇಟ್ಟುಕೋ. ಬ್ಯುಪ್ರೆನಾರ್ಫಿನ್ ನಮ್ಮಲ್ಲಿ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯ ಪಟ್ಟಿಯಲ್ಲಿರುವ ಔಷಧಿ. ಬೇರೆ ಡಬ್ಬಿಗೆ ಹಾಕಿಕೊಂಡು ಹೋಗಬೇಡ. ಫಾರ್ಮಸಿ ಕೊಟ್ಟ ಡಬ್ಬಿಯಲ್ಲೇ, ನಿನ್ನ ಹೆಸರಿನ ಚೀಟಿ ಸಮೇತ, ಡಾಕ್ಟರ್ ಪತ್ರ ಮತ್ತು ಪ್ರಿಸ್ಕ್ರಿಪ್ಷನ್ ಪ್ರತಿ ಜೊತೆಗೆ ಹ್ಯಾಂಡ್‌ಬ್ಯಾಗಿನಲ್ಲಿ ಇಡು. ಎಷ್ಟು ಒಯ್ಯಬಹುದು ಎಂದು ಡಾಕ್ಟರ್ ಹತ್ತಿರವೂ ಏರ್‌ಲೈನ್ ಹತ್ತಿರವೂ ಮೊದಲೇ ವಿಚಾರಿಸು.

ರಜೆಯನ್ನು ಗುರುವಾರದ ಇಂಟರ್‌ವ್ಯೂನಲ್ಲೇ ಕೇಳು. ಮೊದಲೇ ನಿಶ್ಚಯವಾದ ಪ್ರಯಾಣ ಎಂದರೆ ಮ್ಯಾನೇಜರ್ ಬರೆದುಕೊಳ್ಳುತ್ತಾರೆ, ಸೇರಿದ ಮೇಲೆ ಕೇಳುವುದಕ್ಕಿಂತ ಇದು ಸುಲಭ. ಅಮ್ಮನಿಗೆ ಹೇಗೆ ಹೇಳುವುದು ಎಂದು ನಾನು ಹೇಳಿಕೊಡಲಾರೆ, ಅದು ನಿಮ್ಮಿಬ್ಬರ ನಡುವಿನದು. ಹೇಳಿದ ಮೇಲೆ ಅವರಿಗೂ ಮಾತಾಡಲು ಯಾರಾದರೂ ಬೇಕಾಗುತ್ತದೆ. ಊರಲ್ಲಿ 14416 ಎಂಬ ಟೆಲಿ-ಮಾನಸ್ ನಂಬರ್ ಇದೆ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಬರೆದಿಟ್ಟು ಬಾ.

ಬುಧವಾರ ರಾತ್ರಿ ನನಗೆ ಮೆಸೇಜ್ ಹಾಕು. ಆ ಒಂದು ನಿಮಿಷದ ಮಾತನ್ನು ನಾನೇ ಮ್ಯಾನೇಜರ್ ಆಗಿ ಕೂತು ಕೇಳುತ್ತೇನೆ. ಷರತ್ತಿನ ಪತ್ರದ ಎರಡು ಪ್ರತಿ ಪ್ರಿಂಟ್ ತೆಗೆದಿಟ್ಟುಕೋ.